ಪಟದಲ್ಲಿ ಕಾಣದ ತಣ್ಣೀರು

ಮುದ್ದೆ ಮುರಿಯುವ ಹೊತ್ತಿಗೆ ಸರಿಯಾಗಿ ವಾಸನೆ ಬಂತು. ವಿಶಾಲಾಕ್ಷಮ್ಮ ಎತ್ತಿದ ತುತ್ತನ್ನು ತಟ್ಟೆಗೆ ಹಾಕಿ ಮೂಗಿಗೆ ಸೆರಗು ಹಿಡಿದಳು.

"ಯಾರಮ್ಮಿ ಅದು?"

ಯಾರು ಅಂತ ಕೇಳುವುದೇನಿತ್ತು? ಪಂಕ್ತಿಯ ಕೊನೆಯಲ್ಲಿ ಕೂತಿದ್ದ ಅವಳ ಮೊಮ್ಮಗಳು, ಏಳು ವರ್ಷದ ಶಿವಮಲ್ಲಿ, ತೊಡೆ ಎರಡನ್ನೂ ಬಿಗಿದುಕೊಂಡು ತಟ್ಟೆಯನ್ನೇ ನೋಡುತ್ತಿದ್ದಳು. ಲಂಗದ ಹಿಂದುಗಡೆ ಕಂದು ನೀರು ಇಳಿದಿತ್ತು.

"ಕೊಳ್ಳಲ್ಲಿ ಲಿಂಗ ಅದ. ಪಂಕ್ತೀಲಿ ಕುಂತು ಲಂಗದಲ್ಲೇ ಮಾಡ್ಕತಾಳಲ್ಲ, ನಾಚ್ಕ ಬ್ಯಾಡ್ವ? ಏಳಮ್ಮಿ, ನಡಿ ತೊಟ್ಟಿ ತಾವ್ಕ!"

ಮಗುವಿನ ತಾಯಿ ಪುಟ್ಟಬಸಮ್ಮ ಸೌಟು ಬಿಟ್ಟು ಎದ್ದಳು. "ನಾನೇ ತೊಳೀತೀನಿ ಅತ್ತೆ. ಅಂಡೇಲಿ ಬಿಸಿನೀರು ಅದ."

"ಅಂಡೆ ನೀರ ಊರೋರೆಲ್ಲ ಮುಟ್ಟವ್ರ. ಮಡಿಗೆ ತೊಟ್ಟಿ ನೀರೇ ಆಗ್ಬೇಕು. ಗೊತ್ತಿದ್ದೂ ಗೊತ್ತಿದ್ದೂ ಅಡ್ಡ ಮಾತಾಡ್ತೀಯಲ್ಲ."

ಅಜ್ಜಿ ಮೊಮ್ಮಗಳ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಒಂದು ಚೊಂಬು ಸುರಿದ ಸದ್ದು, ಇನ್ನೊಂದು ಚೊಂಬು, ಮತ್ತೊಂದು. ಮಗು ಅಳಲಿಲ್ಲ. ಮೊದಲ ದಿನಗಳಲ್ಲಿ ಅತ್ತಿತ್ತು. ಅತ್ತರೆ ಬಾಯಿಗೂ ನೀರು ಬೀಳುತ್ತದೆ ಅಂತ ಕಲಿತುಕೊಂಡಿತ್ತು. ಒಳಗೆ ತಂದೆ ರುದ್ರಸ್ವಾಮಿ ಉಪ್ಪು ಕೇಳಿ ಹಾಕಿಸಿಕೊಂಡು ಉಂಡ. ತಾತ ಶಿವಮಲ್ಲಪ್ಪ ಮಜ್ಜಿಗೆ ಕೇಳಿದ.

ಎಂಬತ್ತೊಂದನೆಯ ಇಸವಿಯ ಮಾರ್ಗಶಿರ ಅದು. ತಾಳವಾಡಿ ಸೀಮೆಯ ಮಾರ್ಗಶಿರದ ಚಳಿ ಕಂಡವರಿಗೇ ಗೊತ್ತು. ರಾಗಿ ಕುಯ್ದ ಹೊಲದ ಮೇಲೆ ಮಂಜು ಮಧ್ಯಾಹ್ನದ ತನಕ ಮಲಗಿರುತ್ತದೆ. ವಿಶಾಲಾಕ್ಷಮ್ಮ ಹಿಂದಿನ ಸಂಜೆ ಒದ್ದೆಸೀರೆ ಉಟ್ಟು ಬಾವಿಯಿಂದ ಸೇದಿ, ಹಿತ್ತಲಿನ ಕಲ್ಲುತೊಟ್ಟಿಗೆ ತುಂಬಿ, ಮೇಲೆ ಹಲಗೆ ಮುಚ್ಚಿ ಇಡುತ್ತಿದ್ದಳು. ಬೆಳಗಿನ ಹೊತ್ತಿಗೆ ಆ ನೀರಿಗೆ ಬೆರಳಿಟ್ಟರೆ ಬೆರಳು ನಮ್ಮದಲ್ಲ. ಬಯಲಿಗೆ ಹೋಗಿ ಬಂದವರು ಆ ನೀರನ್ನು ತಲೆಯಿಂದ ಸುರಿದುಕೊಂಡೇ ಲಿಂಗ ಮುಟ್ಟಬೇಕು, ಒಳಗೆ ಬರಬೇಕು. ಊರಿನ ಉಳಿದ ಲಿಂಗವಂತರ ಮನೆಗಳಲ್ಲಿ ಕೈಕಾಲು ತೊಳೆದು ವಿಭೂತಿ ಹಚ್ಚಿದರೆ ಮುಗಿಯಿತು. ಈ ಮಡಿ ವಿಶಾಲಾಕ್ಷಮ್ಮ ತವರಿನಿಂದ ತಂದದ್ದು, ಬಳುವಳಿಯ ಹಸುವಿನ ಜೊತೆಗೆ. ಹಸು ಎಂದೋ ಸತ್ತಿತು, ಮಡಿ ಉಳಿಯಿತು. ಅದೂ ಹೆಂಗಸರಿಗೆ ಮಾತ್ರ. ಗಂಡಸರು ಹೊಲದ ಕೆಲಸದವರು ಅಂತ ಅವರಿಗೆ ವಿನಾಯಿತಿ.

ಶಿವಮಲ್ಲಿಗೆ ದೀಕ್ಷೆ ಕೊಡಿಸಿದ್ದು ದೀಪಾವಳಿ ಕಳೆದ ಮೇಲೆ, ಗುಮಟಾಪುರದ ಸಗಣಿ ಹಬ್ಬದ ಮರುವಾರ. ಆ ಹಬ್ಬಕ್ಕೆ ರುದ್ರಸ್ವಾಮಿ ಹೋಗಿದ್ದ. ತಲೆಯಿಂದ ಕಾಲಿನವರೆಗೆ ಸಗಣಿ ಬಳಿದುಕೊಂಡು, ಹಲ್ಲು ಬಿಟ್ಟುಕೊಂಡು ಮನೆಗೆ ಬಂದ. ಅವನ ತಾಯಿ ನಗುನಗುತ್ತಾ ಹಂಡೆಯ ಬಿಸಿನೀರು ತೋಡಿ ಬೆನ್ನು ಉಜ್ಜಿದಳು. ಅದು ದೇವರ ಸಗಣಿಯಂತೆ. ಮಗುವಿನದು ಯಾವ ದೇವರದೂ ಅಲ್ಲ, ಏನು ಮಾಡೋಣ!

ದೀಕ್ಷೆಯಾದ ದಿನ ಮಗು ಕುಣಿದಾಡಿತ್ತು. ಬೆಳ್ಳಿಯ ಕರಡಿಗೆಯಲ್ಲಿ ಲಿಂಗ, ಹೊಸ ಶಿವದಾರ, ಹೊಸ ಲಂಗ. ಮರುದಿನ ಬೆಳಿಗ್ಗೆ ಬಯಲಿಂದ ಬಂದಾಗ ಅಜ್ಜಿ ತೊಟ್ಟಿಯ ಹಲಗೆ ಸರಿಸಿದಳು. ಆಮೇಲೆ ಮಗು ಬಯಲಿಗೆ ಹೋಗುವುದನ್ನೇ ಮುಂದಕ್ಕೆ ತಳ್ಳತೊಡಗಿತು. ಇವತ್ತು ಬೇಡ, ನಾಳೆ. ನಾಳೆಯೂ ಬೇಡ. ಹಿಮ್ಮಡಿ ಒತ್ತಿ ಕೂತು, ಹಲ್ಲು ಕಚ್ಚಿ, ಬೆವರಿ ತಡೆಯುತ್ತಿತ್ತು. ತಡೆದದ್ದು ಒಳಗೇ ಕಲ್ಲಾಯಿತು. ಕೊನೆಗೆ ಗೊತ್ತಿಲ್ಲದ ಹಾಗೆ ಲಂಗಕ್ಕೆ ನೀರು ನೀರಾಗಿ ಸೋರಲು ಶುರುವಾಯಿತು.

ಸೋರಿದ್ದನ್ನು ಕಂಡ ವಿಶಾಲಾಕ್ಷಮ್ಮ ಬೇದಿ ಅಂದಳು. ಬೇದಿಗೆ ಮದ್ದು ಅವಳಿಗೆ ಗೊತ್ತಿಲ್ಲದ್ದೇ? ದಾಳಿಂಬೆ ಸಿಪ್ಪೆಯ ಕಷಾಯ ಮಾಡಿ ಮೂಗು ಹಿಡಿದು ಕುಡಿಸಿದಳು. ಸೊಪ್ಪು ಬೇಡ, ಬಾಳೆಹಣ್ಣು ಬೇಡ, ಬರೀ ಗಂಜಿ. ಕಟ್ಟಿದ್ದು ಇನ್ನಷ್ಟು ಕಟ್ಟಿತು. ಸೋರುವುದು ನಿಲ್ಲಲಿಲ್ಲ.

"ಕೊಬ್ಬು ಕಣ ಇದು. ಬೇಕೂಂತ್ಲೇ ಮಾಡ್ತಾಳ," ಅಂದಳು ಅಜ್ಜಿ.

ಪುಟ್ಟಬಸಮ್ಮ ಮಗಳ ಹೊಟ್ಟೆ ಮುಟ್ಟಿ ನೋಡಿದಳು. ಎಡಗಡೆ ಕೈಗೆ ಗಟ್ಟಿಗಟ್ಟಿ ಸಿಕ್ಕಿತು. ಆ ದಿನ ಉಣ್ಣುವ ಹೊತ್ತಿನಲ್ಲಿ ಗಂಡನಿಗೆ ಎಲ್ಲರ ಎದುರಿಗೇ ಹೇಳಿದಳು.

"ನೋಡಿ, ಕೂಸಿನ ಒಟ್ಟೇಲಿ ಗಡ್ಡೆ ಅದ. ಸತ್ಯಮಂಗಲಕ್ಕೆ ಕರ್ಕೊಂಡೋಗಿ ಎಕ್ಸರೆ ತೆಗಿಸ್ಬೇಕು."

"ಲಂಗಕ್ಕೆ ಮಾಡ್ಕಳ ಮಕ್ಕಳಿಗೆಲ್ಲ ಎಕ್ಸರೆ ತೆಗಿಸ್ತಾರಾ?" ಅಂದ ರುದ್ರಸ್ವಾಮಿ.

"ಅವಳು ಬೇಕೂಂತ ಮಾಡ್ತಿಲ್ಲ. ಪಟದಲ್ಲಿ ಸುಳ್ಳು ಬರಾಕಿಲ್ಲ. ತೆಗಿಸಿ, ಆಮ್ಯಾಲೆ ಮಾತಾಡಿ."

ಯಾವತ್ತೂ ಬಾಯಿ ಬಿಡದ ಶಿವಮಲ್ಲಪ್ಪ ಅವತ್ತು ಬಿಟ್ಟ. ಹಿಂದೊಮ್ಮೆ ಅವನ ಎದೆಯ ಪಟ ತೆಗೆಸಿದ ಮೇಲೆ ಕೆಮ್ಮು ತಾನೇ ನಿಂತಿತ್ತು. ಆ ಬೆಳಕಿಗೇ ವಾಸಿಯಾಯಿತು ಅಂತ ಅವನು ನಂಬಿದ್ದ. "ತೆಗಿಸ್ಬುಡ್ಲಾ ರುದ್ರ. ಕಾಯ್ಲೆ ಇದ್ರ ಗೊತ್ತಾಯ್ತದ. ಇಲ್ದಿದ್ರ ಅದೂ ಗೊತ್ತಾಯ್ತದ."

"ಗೊತ್ತಾಗ್ಲಿ ಬುಡು," ಅಂದಳು ವಿಶಾಲಾಕ್ಷಮ್ಮ. "ಲಿಂಗ ಮಾತ್ರ ಕೊಳ್ಳಿಂದ ತೆಗೀಬಾರ್ದು. ಲಿಂಗ ಬುಟ್ಟೋಳು ಎಣಕ್ಕೆ ಸಮ."

ಹಾಸನೂರು ದಾಟಿ ದಿಂಬಂ ಘಾಟಿಯ ತಿರುವುಗಳಲ್ಲಿ ಬಸ್ಸು ಇಳಿಯುವಾಗ ಮಗುವಿಗೆ ಮತ್ತೆ ಸೋರಿತು. ಪಕ್ಕದವರು ಎದ್ದು ಹಿಂದಕ್ಕೆ ಹೋದರು. "ಯಾರಪ್ಪ ಮಗು ಅದು?" ಅಂತ ಕಂಡಕ್ಟರು ತಮಿಳಿನಲ್ಲಿ ಕೂಗಿದಾಗ, ಮುಂದುಗಡೆ ನಿಂತಿದ್ದ ರುದ್ರಸ್ವಾಮಿ ಕಿಟಕಿಯ ಆಚೆ ನೋಡಿದ. ಮಗು ಅಪ್ಪನ ಬೆನ್ನನ್ನೇ ನೋಡುತ್ತಿತ್ತು.

ಎಕ್ಸ್‌ರೇ ತೆಗೆಯುವವನು ಮಗುವನ್ನು ಮೇಜಿನ ಮೇಲೆ ಮಲಗಿಸಿ, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಬಿಚ್ಚಬೇಕು ಅಂದ. ಪುಟ್ಟಬಸಮ್ಮ ಗಂಡನ ಮುಖ ನೋಡಿದಳು.

"ಬಿಚ್ಚು," ಅಂದ ರುದ್ರಸ್ವಾಮಿ. ಕೆಲಸ ಮುಗಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಿತ್ತು ಅವನಿಗೆ. "ಅಜ್ಜಿಗೆ ಏಳ್ಬ್ಯಾಡ ಕಣಮ್ಮಿ."

ಶಿವದಾರ ತಲೆಯ ಮೇಲಿಂದ ಬಂತು. ಮಗು ಕಣ್ಣು ಮುಚ್ಚಿಕೊಂಡಿತು. ಲಿಂಗ ಬಿಟ್ಟರೆ ಸಾಯುತ್ತಾರೆ ಅಂತ ಅಜ್ಜಿ ಹೇಳಿದ್ದಳಲ್ಲ, ಸಾಯಲು ಸಿದ್ಧವಾಗಿ ಮಲಗಿತ್ತು. ಯಂತ್ರ ಟಕ್ ಅಂದಿತು. ಮಗು ಒಂದು ಕಣ್ಣು ತೆರೆದು ನೋಡಿತು. ಏನೂ ಆಗಿರಲಿಲ್ಲ.

ಡಾಕ್ಟರು ಮಗುವಿನ ಹೊಟ್ಟೆ ಮುಟ್ಟಲಿಲ್ಲ, ಮಗುವನ್ನು ಏನೂ ಕೇಳಲಿಲ್ಲ. ಪಟವನ್ನು ಬೆಳಕಿಗೆ ಹಿಡಿದು, ಒಳಗಿನ ಬಿಳಿಬಿಳಿ ಮೋಡವನ್ನು ಪೆನ್ನಿನಿಂದ ತೋರಿಸಿದರು. ಗಡ್ಡೆಯೂ ಇಲ್ಲ, ಏನೂ ಇಲ್ಲ, ಇದೆಲ್ಲ ಮಲ, ಅಂದರು ತಮಿಳಿನಲ್ಲಿ. ಗಟ್ಟಿಯಾಗಿ ಕೂತಿದೆ, ಅದರ ಪಕ್ಕದಿಂದ ತೆಳ್ಳಗಿನದು ಸೋರುತ್ತಿದೆ. ಇದು ಬೇದಿ ಅಲ್ಲ. ರೋಗ ಏನೂ ಇಲ್ಲ, ಮಗುವೇ ತಡೆದುಕೊಳ್ಳುತ್ತಿದೆ. ಸಡಿಲವಾಗಲು ಎಣ್ಣೆಯಂಥ ಔಷಧಿಯ ಸೀಸೆ ಕೊಟ್ಟು, ದಿನಾ ರಾತ್ರಿ ಕುಡಿಸಿ, ಹಣ್ಣು ಸೊಪ್ಪು ತಿನ್ನಿಸಿ ಅಂದರು.

ಯಾಕೆ ತಡೆದುಕೊಳ್ಳುತ್ತಿದೆ ಅಂತ ಕೇಳಿದ್ದರೆ ಸಾಕಿತ್ತು. ಉತ್ತರ ಪುಟ್ಟಬಸಮ್ಮನ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ತಾನಾಗಿ ಹೇಳಬಹುದಿತ್ತಲ್ಲ ಅನ್ನುವವರು ಅನ್ನಲಿ. ಹಿಂದೆ ಒಂದು ಸಲ ಅತ್ತೆಗೆ ಎದುರು ಮಾತಾಡಿದ್ದಕ್ಕೆ ಅವಳನ್ನು ತಾಳಮಲೆಯ ತವರಿಗೆ ಅಟ್ಟಿ, ಹಾಲು ಬಿಡದ ಕೂಸನ್ನು ಇಲ್ಲೇ ಇಟ್ಟುಕೊಂಡಿದ್ದರು. ಆ ದಿನಗಳನ್ನು ಅವಳು ಮರೆತಿರಲಿಲ್ಲ. ಗಂಡ ಪಕ್ಕದಲ್ಲೇ ನಿಂತಿದ್ದ. ಅವಳು ಸೀಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಮನೆಗೆ ಬಂದವನೇ ರುದ್ರಸ್ವಾಮಿ ನಡುಮನೆಯ ಕಿಟಕಿಗೆ ಮೊಳೆ ಹೊಡೆದು ಪಟವನ್ನು ತೂಗುಹಾಕಿದ.

"ಅವ್ವ, ನೀ ಏಳಿದ್ದೇ ದಿಟ. ಕಾಯ್ಲೆ ಕಸಾಲೆ ಏನೂ ಇಲ್ಲ. ಇವಳೇ ತಡ್ಕತಾವ್ಳ. ಡಾಕ್ಟರು ಬಾಯಿಬುಟ್ಟು ಏಳುದ್ರು."

ವಿಶಾಲಾಕ್ಷಮ್ಮ ಕೊಬ್ಬು ಅಂದದ್ದು ಅಲ್ಲಿಯವರೆಗೆ ಬರೀ ಬೈಗುಳವಾಗಿತ್ತು. ಈಗ ಅದಕ್ಕೆ ಸತ್ಯಮಂಗಲದಿಂದ ಸಾಕ್ಷಿ ಬಂದಿತ್ತು. "ನೋಡ್ದ್ಯ ಪುಟ್ಟಬಸವಿ? ಪಟದಲ್ಲಿ ಸುಳ್ಳು ಬರಾಕಿಲ್ಲ ಅಂದವಳು ನೀನೇ ಅಲ್ವ?"

"ಔಷ್ದಿ ಕೊಟ್ಟವ್ರಲ್ಲ ಅತ್ತೆ."

"ಕಾಯ್ಲೆ ಇಲ್ಲ ಅಂದಮ್ಯಾಲೆ ಔಷ್ದಿ ಯಾಕ?" ಅಂದ ರುದ್ರಸ್ವಾಮಿ. ಸೀಸೆ ಅಟ್ಟದ ಮೇಲೆ ಹೋಯಿತು.

ಅವತ್ತಿನವರೆಗೆ ಮಗುವಿಗೆ ಬೀಳುತ್ತಿದ್ದದ್ದು ನೀರು. ಇನ್ನು ಮೇಲೆ ಏಟೂ ಬಿತ್ತು. ಲಂಗ ಒದ್ದೆಯಾದರೆ ರುದ್ರಸ್ವಾಮಿ ಮಗಳ ಕಿವಿ ಹಿಡಿದು ಕಿಟಕಿಯ ಹತ್ತಿರ ನಿಲ್ಲಿಸುತ್ತಿದ್ದ. "ನೋಡಮ್ಮಿ, ನಿನ್ನ ಒಟ್ಟೆಯೊಳ್ಗ ಏನದ ಅಂತ ನಂಗೆ ಕಾಣ್ತದ. ಇನ್ನು ಯಾರ್ಗೂ ಸುಳ್ಳೇಳಕಾಗಲ್ಲ ನೀನು." ಆಮೇಲೆ ಹುಣಸೆ ಬರಲಿನ ಏಟು. ಆಮೇಲೆ ಅಜ್ಜಿಯ ತೊಟ್ಟಿ. ಅಕ್ಕಪಕ್ಕದವರು ಪಟ ನೋಡಲು ಬಂದರು. ಯಾವುದು ಬೆನ್ನುಮೂಳೆ, ಯಾವುದು ಹೇಲು ಅಂತ ವಿಶಾಲಾಕ್ಷಮ್ಮ ತೋರಿಸಿ ಹೇಳುತ್ತಿದ್ದಳು. ಬಂದ ಮಕ್ಕಳು ಕಿಸಿಕಿಸಿ ನಕ್ಕರು. ಶಿವಮಲ್ಲಿ ಕಂಬದ ಹಿಂದೆ ನಿಂತು ತನ್ನ ಹೊಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿಕೊಳ್ಳುತ್ತಿದ್ದಳು.

ಪುಷ್ಯ ಮಾಸ ಬರುವ ಹೊತ್ತಿಗೆ ಸೋರುವುದು ಕಡಿಮೆಯಾಯಿತು. ಮಗು ಪಂಕ್ತಿಯಲ್ಲಿ ತೆಪ್ಪಗೆ ಕೂತು ತಟ್ಟೆ ಖಾಲಿ ಮಾಡಿ ಏಳುತ್ತಿತ್ತು. ಸೋಮವಾರ ಅಜ್ಜಿಯ ಜೊತೆ ಉಪವಾಸ ಮಾಡುತ್ತೇನೆ ಅಂದಿತು. ಗುರುವಾರವೂ ಮಾಡುತ್ತೇನೆ ಅಂದಿತು. ವಿಶಾಲಾಕ್ಷಮ್ಮನಿಗೆ ಹಿಡಿಸಲಾರದಷ್ಟು ಹಿಗ್ಗು. ದೀಕ್ಷೆ ಕೊಟ್ಟ ಮಾದಯ್ಯನವರು ಭಿಕ್ಷೆಗೆ ಬಂದಾಗ ಮೊಮ್ಮಗಳನ್ನು ಮುಂದೆ ತಂದು ನಿಲ್ಲಿಸಿದಳು.

"ಎಕ್ಸರೆ ಬೆಳಕು ಬಿದ್ದಮ್ಯಾಲೆ ಬುದ್ಧಿ ಬಂದದ ಅಯ್ಯನೋರೆ. ಈ ವಯಸ್ಸಿಗೇ ವಾರದಲ್ಲಿ ಎರಡು ಒಪ್ಪತ್ತು."

"ಶರಣೆ ಕಣಮ್ಮ ನಿಮ್ಮ ಮನೇಲಿ ಉಟ್ಟವ್ಳೆ," ಅಂದರು ಮಾದಯ್ಯನವರು. ಶರಣೆಯ ಕಾಲು ಕಡ್ಡಿಯಾಗಿತ್ತು, ಹೊಟ್ಟೆ ಮಾತ್ರ ಗಡಿಗೆಯಂತೆ ಮುಂದೆ ಬಂದಿತ್ತು. ಅದನ್ನು ಯಾರೂ ನೋಡಲಿಲ್ಲ. ಪಟ ಇದ್ದ ಮೇಲೆ ಹೊಟ್ಟೆಯನ್ನು ಯಾಕೆ ನೋಡುತ್ತಾರೆ?

ಒಂದು ಸಂಜೆ ಪುಟ್ಟಬಸಮ್ಮ ಎಮ್ಮೆಗೆ ಕಲಗಚ್ಚು ಕಲಸಲು ಬಾನಿಗೆ ಕೈ ಹಾಕಿದಳು. ಕೈಗೆ ಮುದ್ದೆ ಸಿಕ್ಕಿತು. ಅಕ್ಕಿ ತೊಳೆದ ನೀರಿನಲ್ಲಿ ಉಬ್ಬಿದ, ಮುರಿಯದ, ಇಡೀ ಮುದ್ದೆ. ಅದರ ಕೆಳಗೆ ಬೆಳಗಿನದೂ ಇತ್ತು. ಮಗಳು ಲಂಗದ ಮಡಿಲಲ್ಲಿ ಮುಚ್ಚಿ ತಂದು ಹಾಕುತ್ತಿದ್ದಾಳೆ ಅಂತ ಅವಳಿಗೆ ಅರ್ಥವಾಯಿತು. ಎಮ್ಮೆ ಈಚೆಗೆ ಹಾಲು ಹೆಚ್ಚು ಕೊಡುತ್ತಿದೆ ಅಂತ ಮನೆಯವರೆಲ್ಲ ಸಂತೋಷಪಟ್ಟಿದ್ದರು.

ಮಗಳನ್ನು ಕೊಟ್ಟಿಗೆಗೆ ಕರೆದು ಕೇಳಿದಳು. "ಯಾಕಮ್ಮಿ, ಉಣ್ಣಕ ಏನಾಗದ ನಿಂಗೆ?"

"ಉಂಡ್ರ ಬತ್ತದಲ್ಲವ್ವ."

"ಬಂದ್ರ ಬರ್ಲಿ ಮಗ."

"ಬಂದ್ರ ಅಜ್ಜಿ ನೀರು ಉಯ್ತಾಳ." ಮಗು ಅಮ್ಮನ ಸೆರಗು ಹಿಡಿದುಕೊಂಡಿತು. "ಏಳ್ಬ್ಯಾಡ ಕಣವ್ವ. ಇನ್ನೊಸಿ ದಿನ ಉಣ್ಣದಿದ್ರ ಒಟ್ಟೆ ಪೂರಾ ಖಾಲಿ ಆಯ್ತದ. ಆಮ್ಯಾಲೆ ಬರೋದೇ ಇಲ್ಲ."

ಪುಟ್ಟಬಸಮ್ಮನ ಹೆದರಿಕೆ ಗಿದರಿಕೆ ಎಲ್ಲ ಎಲ್ಲಿ ಹೋಯಿತೋ, ಕಲಗಚ್ಚು ತೊಟ್ಟಿಕ್ಕುವ ಕೈಯಲ್ಲೇ ಮುದ್ದೆ ಹಿಡಿದು ನಡುಮನೆಗೆ ಬಂದು ಅತ್ತೆಯ ಮುಂದೆ ಇಟ್ಟಳು.

"ನಿಮ್ಮ ಶರಣೆಯ ಒಪ್ಪತ್ತು ನೋಡಿ ಅತ್ತೆ. ನಿಮ್ಮ ತಣ್ಣೀರಿಗೆ ಎದ್ರಿ ಕೂಸು ತಡ್ಕಂಡದ, ತಡ್ಕಂಡು ತಡ್ಕಂಡು ಇಂಗಾಗದ. ಈಗ ಅನ್ನನೂ ಬುಟ್ಟದ. ಇವಳ ಕಾಯ್ಲೆ ನಿಮ್ಮ ತೊಟ್ಟೀಲಿ ಅದ."

ವಿಶಾಲಾಕ್ಷಮ್ಮ ಕೂಗಾಡಲಿಲ್ಲ. ನಿಧಾನವಾಗಿ ಎದ್ದು ಕಿಟಕಿಯ ಪಟ ತೆಗೆದು ಮಗನ ಕೈಗೆ ಕೊಟ್ಟಳು.

"ಓದ್ಕಂಡೋನು ನೀನು. ನೋಡ್ಲಾ ರುದ್ರ. ಇದ್ರಲ್ಲಿ ನನ್ನ ತಣ್ಣೀರು ಕಾಣ್ತದಾ?"

ರುದ್ರಸ್ವಾಮಿ ಪಟವನ್ನು ದೀಪಕ್ಕೆ ಹಿಡಿದ. ಹುಡುಕಿದ, ಶಿವನಾಣೆ, ನಿಜವಾಗಿಯೂ ಹುಡುಕಿದ. ತಿರುಗಿಸಿ ಹಿಂದುಗಡೆಯನ್ನೂ ನೋಡಿದ.

"ಇಲ್ಲ ಕಣವ್ವ."

"ಇಲ್ವಲ್ಲ?"

"ಇಲ್ಲ."

"ಮಾವ, ನೀವಾರ ಏಳಿ," ಅಂದಳು ಪುಟ್ಟಬಸಮ್ಮ.

"ಪಟದಲ್ಲಿ ಇಲ್ದೇ ಇದ್ರ ನಾ ಏನೇಳ್ಲವ್ವ?" ಅಂದ ಶಿವಮಲ್ಲಪ್ಪ.

"ಡಾಕ್ಟರಿಗೆ ಕಾಣದ್ದು ಇವಳಿಗೆ ಕಂಡದ!" ವಿಶಾಲಾಕ್ಷಮ್ಮನ ದನಿ ಈಗ ಏರಿತು. "ಲಿಂಗದ ಮಡೀನೇ ಕಾಯ್ಲೆ ಅಂತಾಳಲ್ಲ ಈ ಮಾರಿ! ಗಂಟು ಕಟ್ಟು. ನಾಳೀಕೆ ತಾಳಮಲೆ ಬಸ್ಸು ಅತ್ಸು ಇವಳ್ನ. ಕೂಸು ಇಲ್ಲೇ ಇರ್ತದ."

ರುದ್ರಸ್ವಾಮಿ ಹೂಂ ಅಂದ.

ಆಗ ಬಾಗಿಲ ಹತ್ತಿರ ನಿಂತಿದ್ದ ಶಿವಮಲ್ಲಿ ಒಳಗೆ ಬಂದಳು. ಎರಡೂ ಕೈಯಿಂದ ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಅಜ್ಜಿಯ ಮಡಿಲಿಗೆ ಇಟ್ಟಳು.

"ಇದ ನೀನೇ ಮಡಗ್ಕೋ ಅಜ್ಜಿ. ಇದಿದ್ರ ತಾನೆ ನೀರು? ಅವ್ವನ್ನ ಕಳಿಸ್ಬ್ಯಾಡ. ನಾ ಬೈಲ್ಕಡೆಗೆ ಓಗ್ಬುಟ್ಟು ಬತ್ತೀನಿ."

ವಿಶಾಲಾಕ್ಷಮ್ಮ ಕರಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. "ಬಿಚ್ಚುದ್ಯ? ಲಿಂಗಾನ ಬಿಚ್ಚುದ್ಯ?"

"ಏನೂ ಆಗಲ್ಲ ಅಜ್ಜಿ. ಎಕ್ಸರೆ ಮನೇಲೂ ಬಿಚ್ಚಿದ್ದೆ. ಅಪ್ಪನೇ ಬಿಚ್ಚು ಅಂದದ್ದು."

ಇಷ್ಟು ಹೇಳಿ ಮಗು ಬೇಲಿಯ ಕಡೆಗೆ ಓಡಿತು. ರುದ್ರಸ್ವಾಮಿ ನೆಲ ನೋಡಿದ. ವಿಶಾಲಾಕ್ಷಮ್ಮ ಲಿಂಗವನ್ನು ಕಣ್ಣಿಗೊತ್ತಿಕೊಂಡು ಗೊಳೋ ಅಂತ ಅತ್ತಳು. ಅಳು ಮುಗಿದ ಮೇಲೆ ತೀರ್ಪು ಬಂತು. ಲಿಂಗ ಬಿಟ್ಟವಳು ಹೆಣ. ಹೆಣಕ್ಕೆ ಪಂಕ್ತಿಯಲ್ಲಿ ಜಾಗವಿಲ್ಲ, ಒಳಗೆ ಹಾಸಿಗೆಯಿಲ್ಲ. ಕೊಟ್ಟಿಗೆಯಲ್ಲಿ ಬಿದ್ದಿರಲಿ. ಅದನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ, ಅದಕ್ಕೇ ಸೊಸೆಯನ್ನು ತವರಿಗೆ ಕಳಿಸುವ ಮಾತು ಬಿದ್ದುಹೋಯಿತು.

ಹೀಗೆ ಏಳು ವರ್ಷದ ಹೆಣ ಕೊಟ್ಟಿಗೆ ಸೇರಿತು. ಹುಲ್ಲಿನ ಮೇಲೆ ಗೋಣಿ, ಗೋಣಿಯ ಮೇಲೆ ಹಳೆಯ ಕಂಬಳಿ, ಉಣ್ಣಲು ಒಂದು ಸೊಟ್ಟ ಅಲ್ಯೂಮಿನಿಯಂ ತಟ್ಟೆ. ಅಪ್ಪ ಎತ್ತು ಕಟ್ಟಲು ಬಂದರೆ ಮಗಳ ಕಡೆ ನೋಡದೆ ಕಟ್ಟಿ ಹೋಗುತ್ತಿದ್ದ. ಅಜ್ಜಿ ಆ ಕಡೆ ಬಂದರೆ ಮುಖಕ್ಕೆ ಸೆರಗು.

ಪುಟ್ಟಬಸಮ್ಮ ಅಟ್ಟ ಹತ್ತಿ ಸೀಸೆ ತಂದಳು. ದನದ ಹುರುಳಿ ಬೇಯಿಸುವ ಒಲೆಯ ಮೇಲೆ ನೀರು ಕಾಯಿಸಿದಳು. ಹಣ್ಣು ಸೊಪ್ಪು ಕದ್ದು ತಂದು ತಿನ್ನಿಸಿದಳು. ಒಳಗೆ ಕಲ್ಲಾಗಿ ಕೂತದ್ದು ಸುಮ್ಮನೆ ಬಂತೇ? ಮಗು ಕೊಟ್ಟಿಗೆಯ ಕಂಬ ತಬ್ಬಿಕೊಂಡು ಚೀರಿತು, ರಕ್ತವೂ ಬಂತು. ಒಳಮನೆಗೆ ಕೇಳಿಸದೆ ಇರಲಿಲ್ಲ. ಯಾರೂ ಬರಲಿಲ್ಲ. ಬಂದು ಮುಗಿದ ಮೇಲೆ ತಾಯಿ ಬಿಸಿನೀರಿನಲ್ಲಿ ತೊಳೆದಳು. ಮಗು ಆ ನೀರಿನಲ್ಲಿ ಕೈ ಆಡಿಸುತ್ತಾ, "ಅವ್ವ, ಬೆಚ್ಚಗದ," ಅಂದಿತು.

ಅಲ್ಲಿಂದ ಹೊಟ್ಟೆ ಇಳಿಯಿತು. ಎಮ್ಮೆಗೆ ಮುದ್ದೆ ಸಿಗುವುದು ನಿಂತಿತು. ಒಂದು ಮುದ್ದೆ ಉಂಡು, ಅವರೆಕಾಳಿನ ಸಾರು ನೆಕ್ಕಿ, ಇನ್ನೊಂದು ಕೇಳುವಂತಾಯಿತು. ಮನಸ್ಸಾದಾಗ ಬೇಲಿಯ ಕಡೆ ಹೋಗಿ, ಕರುವಿನ ಜೊತೆ ಮಾತಾಡುತ್ತಾ ವಾಪಸು ಬರುತ್ತಿತ್ತು. ಸತ್ತ ಮಗಳ ಕೆನ್ನೆ ತುಂಬಿಕೊಂಡದ್ದನ್ನು ಪುಟ್ಟಬಸಮ್ಮ ಕಂಡು, ಹೀಗೇ ಇದ್ದುಬಿಡಲಿ ಶಿವನೇ ಅಂತ ಬೇಡಿಕೊಂಡಳು. ಹೆತ್ತವಳು ಬೇಡುವ ವರವೇ ಅದು? ಆ ಮನೆಯಲ್ಲಿ ಅದೇ ದೊಡ್ಡ ವರವಾಗಿತ್ತು.

ಮಾಘ ಮುಗಿಯುವ ಹೊತ್ತಿಗೆ ವಿಶಾಲಾಕ್ಷಮ್ಮ ಕರಗಿದಳು. ಶಿವರಾತ್ರಿ ಹತ್ತಿರ ಬಂದಿತ್ತು. ಮೊಮ್ಮಗಳು ಪಕ್ಕದಲ್ಲಿ ಮಲಗದೆ ಅವಳಿಗೂ ನಿದ್ದೆ ಹತ್ತುತ್ತಿರಲಿಲ್ಲ, ಅದು ಸುಳ್ಳಲ್ಲ. ಒಂದು ಮಧ್ಯಾಹ್ನ ಮಗನ ಜೊತೆ ಕೊಟ್ಟಿಗೆಗೆ ತಾನೇ ಬಂದಳು. ಶಿವಮಲ್ಲಿ ಎರಡನೆಯ ಮುದ್ದೆ ಮುರಿಯುತ್ತಿದ್ದಳು. ಅಜ್ಜಿ ಹುಲ್ಲಿನ ಮೇಲೆ ಕೂತು ಅವಳ ತಲೆ ನೇವರಿಸಿದಳು. ಕಣ್ಣಲ್ಲಿ ನೀರಿತ್ತು.

"ನಾನೇನು ಕಲ್ಲಾ ಮಗ? ಅಯ್ಯನೋರ್ನ ಕರೆಸಿವ್ನಿ. ತಪ್ಪು ಕಟ್ಸಿ ಸೋಮವಾರ ತಿರ್ಗ ಲಿಂಗ ಕಟ್ತಾರ. ಆಮ್ಯಾಲೆ ನೀನು ಒಳಗ್ ಬಂದು ನನ್ನ ಪಕ್ಕದಲ್ಲೇ ಉಣ್ಣು, ನನ್ನ ಪಕ್ಕದಲ್ಲೇ ಮನಿಕೋ."

ರುದ್ರಸ್ವಾಮಿ ಜೇಬಿನಿಂದ ಹೊಸ ಬೆಳ್ಳಿಯ ಕರಡಿಗೆ ತೆಗೆದು ತೋರಿಸಿದ. ಹಳೆಯದಕ್ಕಿಂತ ದೊಡ್ಡದು. ಇಷ್ಟು ದಿನಕ್ಕೆ ಮೊದಲ ಸಲ ಮಗಳ ಮುಖ ನೋಡಿ ನಕ್ಕ.

ಮಗು ಕರಡಿಗೆಯನ್ನು ನೋಡಿತು. ಆಮೇಲೆ ಅಜ್ಜಿಯನ್ನು ನೋಡಿತು.

"ನೀರು, ಅಜ್ಜಿ?"

"ಲಿಂಗ ಅಂದಮ್ಯಾಲೆ ಮಡಿ ಇಲ್ದೆ ಎಂಗಾಯ್ತದ ಚಿನ್ನ?" ಅಂದಳು ವಿಶಾಲಾಕ್ಷಮ್ಮ, ಮೊಮ್ಮಗಳ ಗಲ್ಲ ಹಿಡಿದು, ತುಂಬ ಪ್ರೀತಿಯಿಂದ. "ನಿಂಗೋಸ್ಕರ ತೊಟ್ಟೀನೆಲ್ಲ ಉಜ್ಜಿ ಒಸ ನೀರು ತುಂಬಿವ್ನಿ."

ಶಿವಮಲ್ಲಿ ಬಾಯಿಯ ಹತ್ತಿರ ತಂದಿದ್ದ ತುತ್ತನ್ನು ಕೆಳಗಿಳಿಸಿದಳು. ಅದನ್ನು ಮುರಿದ ಮುದ್ದೆಗೆ ಸೇರಿಸಿ, ಅಂಗೈಯಿಂದ ಒತ್ತಿ ಒತ್ತಿ ಮೊದಲಿನಂತೆ ದುಂಡಗೆ ಮಾಡಿದಳು. ತಟ್ಟೆಯನ್ನು ಅಮ್ಮನ ಕಡೆಗೆ ಸರಿಸಿದಳು.

"ಸಾಕು ಕಣವ್ವ," ಅಂದಳು. "ಒಟ್ಟೆ ತುಂಬದ."